ಅನಾಟಮಿ ಪಾಠ ಮಾಡಲು ಹೊರಟವರಿಗೆ: ಕೊಡಗಿನ ಮಳೆ, ಚಳಿಯ ನಡುವೆ ಮೂರು ವರ್ಷದ ಪಿಜಿ ತರಬೇತಿ

ಎಂಡಿ ಅನಾಟಮಿ (ದೇಹರಚನಾ ಶಾಸ್ತ್ರದ ಸ್ನಾತಕೋತ್ತರ ಪದವಿ, ಅಂದರೆ ಪಿಜಿ) ಮುಗಿಸಿದವರೆಲ್ಲ ಅನಾಟಮಿ ಹೇಳಿಕೊಡಬಲ್ಲರು ಎಂದೇನಿಲ್ಲ. ಮೂರು ವರ್ಷದಲ್ಲಿ ಓದು ಹೇಗೋ ಆಗುತ್ತದೆ, ಪರೀಕ್ಷೆಯ ಹೆದರಿಕೆಯೇ ಓದಿಸುತ್ತದೆ. ತಾನಾಗಿ ಬಾರದ ಕೆಲಸಗಳು ಎರಡು. ದೇಹವನ್ನು ಕೆಡದಂತೆ ಕಾಪಾಡುವ ಕೈಕೆಲಸ ಒಂದು. ಅದರೊಳಗೆ ಇರುವುದನ್ನು ಆಗಷ್ಟೇ ಪಿಯುಸಿ ಮುಗಿಸಿ ಬಂದ ಮಕ್ಕಳ ಕಣ್ಣಿಗೆ ಬೀಳುವಂತೆ ತೋರಿಸುವುದು ಇನ್ನೊಂದು. ಹಾಗಾಗಿ ಸೇರಿದ ದಿನದಿಂದಲೇ ಒಂದು ಪದ್ಧತಿ ಇಟ್ಟುಕೊಳ್ಳಿ: ಯಾವ ಕೆಲಸವನ್ನೇ ಆಗಲಿ ಎರಡು ಸಲ ಕಲಿಯಿರಿ, ಮಾಡುವುದಕ್ಕೆ ಒಮ್ಮೆ, ತೋರಿಸುವುದಕ್ಕೆ ಇನ್ನೊಮ್ಮೆ.

ಕೊಡಗಿನಲ್ಲಿ ಈ ಕೆಲಸಕ್ಕೆ ಜಾಗವಿದೆ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ 2016ರಿಂದ ಎಂಬಿಬಿಎಸ್ ನಡೆಯುತ್ತಿದೆ. ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜಿನ ಮೊದಲ ವರ್ಷದವರಿಗೂ ಅನಾಟಮಿ ಬೇಕು, ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ಮಕ್ಕಳಿಗೂ ಬೇಕು. ಆದರೆ ಬಯಲುಸೀಮೆಯ ಡಿಸೆಕ್ಷನ್ ಹಾಲಿಗೆಂದು, ಅಂದರೆ ದೇಹ ಕೊಯ್ದು ಕಲಿಯುವ ಕೋಣೆಗೆಂದು, ಬರೆದ ಸೂಚನೆಗಳು ಸುಮಾರು 1150 ಮೀಟರ್ ಎತ್ತರದ, ನಾಲ್ಕು ತಿಂಗಳು ಒದ್ದೆಯಾಗಿರುವ ಊರಿನಲ್ಲಿ ಹಾಗೆಯೇ ನಡೆಯುವುದಿಲ್ಲ. ಎಲ್ಲಿ ಬದಲಿಸಬೇಕು ಎಂಬುದನ್ನು ಆಯಾ ಜಾಗದಲ್ಲೇ ಹೇಳಿದ್ದೇವೆ.

ಹಂತ 1: ಸೇರುವ ಮುನ್ನ

ಎಂಬಿಬಿಎಸ್ ಆದವರಿಗೆ ಮುಖ್ಯ ದಾರಿ ನೀಟ್ ಪಿಜಿ ಪ್ರವೇಶ ಪರೀಕ್ಷೆ, ಆಮೇಲೆ ಕೌನ್ಸೆಲಿಂಗ್. ಅಖಿಲ ಭಾರತ ಕೋಟಾದ್ದು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ಮೂಲಕ, ರಾಜ್ಯದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಮೂಲಕ. ಬಿಎಸ್ಸಿಯಂಥ ಪದವಿಯವರಿಗೆ ಮೂರು ವರ್ಷದ ಎಂಎಸ್ಸಿ ಮೆಡಿಕಲ್ ಅನಾಟಮಿ ಇದೆ. ಆದರೆ ಮೆಡಿಕಲ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಅವರಿಗೆ ಅದರ ಮೇಲೆ ಪಿಎಚ್‌ಡಿಯೂ ಬೇಕು. ಅವರಿಗೆ ಎಷ್ಟು ಹುದ್ದೆ ಎಂಬ ನಿಯಮ ಹಲವು ಸಲ ಬದಲಾಗಿದೆ. ಹಳೆಯ ಲೆಕ್ಕ ನಂಬಿ ಫೀಸು ಕಟ್ಟಬೇಡಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಈಗಿನ ಅಧಿಸೂಚನೆಯನ್ನು ಓದಿಯೇ ಸೇರಿ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಈಗ ಅಲ್ಲಿ ಓದುತ್ತಿರುವ ಪಿಜಿಗಳನ್ನು ಕೇಳಿ: ವರ್ಷಕ್ಕೆ ಎಷ್ಟು ದೇಹ ಬರುತ್ತವೆ? ಎಂಬಾಮಿಂಗ್ (ದೇಹ ಕೆಡದಂತೆ ರಕ್ತನಾಳಕ್ಕೆ ದ್ರಾವಣ ತುಂಬುವುದು) ಮಾಡುವಾಗ ಪಿಜಿಯ ಕೈಗೆ ಕ್ಯಾನುಲಾ (ದ್ರಾವಣ ಬಿಡುವ ಕೊಳವೆ) ಕೊಡುತ್ತಾರೋ, ಅಟೆಂಡರ್ ಒಬ್ಬರೇ ಮುಗಿಸುತ್ತಾರೋ? ಸ್ಲೈಡ್‌ಗೆ ತೆಳು ಪದರ ಕತ್ತರಿಸುವ ಮೈಕ್ರೋಟೋಮ್ ಓಡುತ್ತಿದೆಯೋ, ಬಟ್ಟೆ ಹೊದ್ದು ಕೂತಿದೆಯೋ? ಈ ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕರೆ ಹಾಸ್ಟೆಲ್ ಸುಮಾರಾಗಿದ್ದರೂ ಸೇರಿಕೊಳ್ಳಿ.

ಹಂತ 2: ಮೊದಲ ಆರು ತಿಂಗಳು, ದೇಹದ ಜವಾಬ್ದಾರಿ

ದೇಹದಾನಕ್ಕೆ ನಮ್ಮಲ್ಲಿ ಕಾನೂನಿನ ಆಧಾರ 1957ರ ಕರ್ನಾಟಕ ಅನಾಟಮಿ ಕಾಯ್ದೆ. ಪಿಜಿಯಾಗಿ ನೀವು ಮೊದಲು ಕಲಿಯಬೇಕಾದ್ದು ಚಾಕು ಹಿಡಿಯುವುದನ್ನಲ್ಲ, ಫೋನ್ ಎತ್ತಿ ಮಾತಾಡುವುದನ್ನು. ದಾನಿಯ ಮನೆಯವರು ಕರೆ ಮಾಡಿದಾಗ ಕೇಳಬೇಕಾದ್ದು ಇಷ್ಟು: ತೀರಿಕೊಂಡದ್ದು ಎಷ್ಟು ಹೊತ್ತಿಗೆ, ಕಾರಣವೇನು, ವೈದ್ಯರ ಮರಣ ಪ್ರಮಾಣಪತ್ರ ಸಿಕ್ಕಿದೆಯೇ, ಹತ್ತಿರದ ಬಂಧುಗಳು ಒಪ್ಪಿದ್ದಾರೆಯೇ. ಎಚ್‌ಐವಿ ಅಥವಾ ಹೆಪಟೈಟಿಸ್ ಬಿ, ಸಿ ಇದ್ದವರ ದೇಹ, ಪೋಸ್ಟ್‌ಮಾರ್ಟಂ ಆದದ್ದು, ಕೊಳೆಯಲು ಶುರುವಾದದ್ದನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅಪಘಾತ, ಆತ್ಮಹತ್ಯೆಯಂಥ ಪೊಲೀಸ್ ಕೇಸಿನದ್ದನ್ನೂ ಹಾಗೆಯೇ ಪಡೆಯುವಂತಿಲ್ಲ. ಕಣ್ಣು ದಾನ ಮಾಡಿದ್ದರೆ ಅಡ್ಡಿಯಿಲ್ಲ. ಕಣ್ಣನ್ನು ಆರು ಗಂಟೆಯೊಳಗೆ ತೆಗೆಯಬೇಕಾದ್ದರಿಂದ ಅದು ಮೊದಲು ಆಗಲಿ.

ಕೊಡಗಿನ ಮನೆಗಳಲ್ಲಿ ಸಹಿ ಹಾಕುವುದು ಮಗನೋ ಮಗಳೋ ಆದರೂ ತೀರ್ಮಾನ ಇಡೀ ಕುಟುಂಬದ್ದು. ಕೊಡವರ ಮನೆಯಾದರೆ ಒಕ್ಕದ (ಕುಲದ) ಹಿರಿಯರಾದ ಪಟ್ಟೆದಾರರ ಮಾತಿಗೆ ತೂಕವಿದೆ. ದಾನಿ ಬದುಕಿದ್ದಾಗ ಬರೆದುಕೊಟ್ಟ ಫಾರ್ಮ್ ಕೈಯಲ್ಲಿದೆ ಎಂದು ದಬಾಯಿಸಬೇಡಿ. ಬಂಧುಗಳು ಬೇಡವೆಂದರೆ ದೇಹ ತರುವಂತಿಲ್ಲ. ಮನೆಯಲ್ಲಿ ಮಾಡುವ ಶಾಸ್ತ್ರಗಳನ್ನು ಮುಗಿಸಲು ಬಿಡಿ, ಎಷ್ಟು ಹೊತ್ತು ಬೇಕು ಎಂದು ಕೇಳಿ, ಅಲ್ಲಿಯವರೆಗೆ ಫ್ರೀಜರ್ ಪೆಟ್ಟಿಗೆಯಲ್ಲಿಡಲು ಹೇಳಿ. ಮಳೆಗಾಲದಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: ರಸ್ತೆ ಹೇಗಿದೆ? 2018ರ ಆಗಸ್ಟ್‌ನಲ್ಲಿ ಭೂಕುಸಿತವಾಗಿ ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಮುಚ್ಚಿತ್ತು. ಭಾಗಮಂಡಲದಿಂದಲೋ ಸೋಮವಾರಪೇಟೆಯಿಂದಲೋ ಬರುವ ವಾಹನ ಸುತ್ತು ಹಾಕಬೇಕಾದರೆ ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಂತ 3: ಎಂಬಾಮಿಂಗ್

ಇದನ್ನು ಚೆನ್ನಾಗಿ ಕಲಿತರೆ ಮುಂದಿನ ಒಂದು ವರ್ಷದ ಪಾಠ ಸುಸೂತ್ರ. ಕೆಟ್ಟರೆ ನೂರೈವತ್ತು ಮಕ್ಕಳು ವರ್ಷವಿಡೀ ಕಪ್ಪುಗಟ್ಟಿದ ಸ್ನಾಯು ನೋಡಬೇಕಾಗುತ್ತದೆ.

ಹತ್ತು ಲೀಟರ್ ದ್ರಾವಣಕ್ಕೆ ಬಳಕೆಯಲ್ಲಿರುವ ಒಂದು ಅಳತೆ ಹೀಗಿದೆ: ಅಂಗಡಿಯ ಫಾರ್ಮಲಿನ್ (ಫಾರ್ಮಾಲ್ಡಿಹೈಡ್ ಕರಗಿದ ನೀರು) ಒಂದೂವರೆ ಲೀಟರ್, ಸ್ಪಿರಿಟ್ 3 ಲೀಟರ್, ಗ್ಲಿಸರಿನ್ 1 ಲೀಟರ್, ದ್ರವರೂಪದ ಫೀನಾಲ್ ಅರ್ಧ ಲೀಟರ್, ಉಪ್ಪು 500 ಗ್ರಾಂ, ಸೋಡಿಯಂ ಸಿಟ್ರೇಟ್ 100 ಗ್ರಾಂ, ಥೈಮಾಲ್ 50 ಗ್ರಾಂ, ಬಣ್ಣಕ್ಕೆ ಚಿಟಿಕೆ ಇಯೋಸಿನ್, ಉಳಿದದ್ದು ನೀರು. ಫಾರ್ಮಲಿನ್ ಕೊಳೆಯುವುದನ್ನು ತಡೆಯುತ್ತದೆ, ಗ್ಲಿಸರಿನ್ ಒಣಗದಂತೆ ಇಡುತ್ತದೆ, ಸಿಟ್ರೇಟ್ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ಫೀನಾಲ್ ಮತ್ತು ಥೈಮಾಲ್ ಬೂಷ್ಟನ್ನು ಹತ್ತಿರ ಬಿಡುವುದಿಲ್ಲ. ಥೈಮಾಲನ್ನು ಮೊದಲು ಸ್ಪಿರಿಟ್‌ನಲ್ಲಿ ಕರಗಿಸಿ. ನೀರಿಗೆ ಹಾಕಿದರೆ ಹರಳು ಹಾಗೆಯೇ ತೇಲುತ್ತದೆ, ಕ್ಯಾನುಲಾ ಕಟ್ಟಿಕೊಳ್ಳುತ್ತದೆ.

ಇಲ್ಲಿ ಮಡಿಕೇರಿಯ ಚಳಿ ಒಳಗೆ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಫಾರ್ಮಲಿನ್ ಕ್ಯಾನಿನ ತಳದಲ್ಲಿ ಸುಣ್ಣದ ಹಾಗೆ ಬಿಳಿಯ ಗಸಿ ಕಂಡರೆ ಅದು ಪ್ಯಾರಾಫಾರ್ಮಾಲ್ಡಿಹೈಡ್. ಚಳಿಗೆ ಫಾರ್ಮಾಲ್ಡಿಹೈಡ್ ಹೆಪ್ಪುಗಟ್ಟಿ ಕೆಳಗೆ ಕೂತಿದೆ, ಮೇಲಿನ ನೀರಿನಲ್ಲಿ ಅಷ್ಟು ಶಕ್ತಿ ಕಡಿಮೆಯಾಗಿದೆ. ತಿಳಿಯನ್ನಷ್ಟೇ ಬಗ್ಗಿಸಿಕೊಂಡು ಅಳತೆಗೆ ಹಾಕಿದರೆ ದೇಹ ಒಳಗಿನಿಂದ ಕೆಡುತ್ತದೆ. ಅದು ಗೊತ್ತಾಗುವುದು ಎರಡು ತಿಂಗಳಾದ ಮೇಲೆ ಹೊಟ್ಟೆ ತೆರೆದಾಗ. ಕ್ಯಾನನ್ನು ನೆಲದ ಸಿಮೆಂಟಿನ ಮೇಲೆ ಇಡಬೇಡಿ, ಮರದ ಹಲಗೆಯ ಮೇಲೆ, ಕಟ್ಟಡದ ಬೆಚ್ಚಗಿನ ಕೋಣೆಯಲ್ಲಿಡಿ. ಗಸಿ ಕೂತದ್ದನ್ನು ಎಂಬಾಮಿಂಗಿಗೆ ಬಳಸಲೇಬೇಡಿ.

ಇನ್ನು ಕ್ರಮ:

1. ದೇಹವನ್ನು ಅಂಗಾತ ಮಲಗಿಸಿ, ಸೋಪಿನ ನೀರಿನಲ್ಲಿ ತೊಳೆದು, ಕೂದಲು ತೆಗೆದು, ಒಂದೇ ಸಂಖ್ಯೆಯ ಟ್ಯಾಗನ್ನು ಕೈ ಮಣಿಕಟ್ಟಿಗೂ ಕಾಲ ಹೆಬ್ಬೆರಳಿಗೂ ಕಟ್ಟಿ. ಕಟ್ಟುವುದು ಎರಡು ಏಕೆಂದರೆ ಡಿಸೆಕ್ಷನ್‌ನಲ್ಲಿ ಒಂದು ಕಳಚಿಹೋಗುತ್ತದೆ.

2. ಸೊಂಟದ ಮುಂದೆ ಕೈಗೆ ಸಿಗುವ ಮೂಳೆಯ ಚೂಪಿಗೂ ಪ್ಯೂಬಿಕ್ ಸಿಂಫಿಸಿಸ್‌ಗೂ (ಕಿಬ್ಬೊಟ್ಟೆಯ ಕೆಳಗೆ ನಡುವಿನ ಮೂಳೆಗಳ ಕೂಡು) ಸರಿಯಾಗಿ ನಡುವಿನ ಬಿಂದುವನ್ನು ಬೆರಳಿನಿಂದ ಹುಡುಕಿ. ಅಲ್ಲಿಂದ ಕೆಳಕ್ಕೆ ಆರೇಳು ಸೆಂಟಿಮೀಟರ್ ಉದ್ದಕ್ಕೆ ಸೀಳಿ. ತೊಡೆಯ ಒಳಬದಿಯಿಂದ ಹೊರಕ್ಕೆ ಸಿರೆ, ಅಪಧಮನಿ, ನರ ಈ ಸಾಲಿನಲ್ಲಿರುತ್ತವೆ. ಬೆಳ್ಳಗೆ ದಪ್ಪ ಗೋಡೆಯದಾಗಿ, ಒತ್ತಿ ಬಿಟ್ಟರೆ ಮತ್ತೆ ದುಂಡಾಗುವುದು ಅಪಧಮನಿ. ನೀಲಿಯಾಗಿ ಚಪ್ಪಟೆಯಾಗಿರುವುದು ಸಿರೆ. ಹೊಸಬರು ಹೆಚ್ಚು ಎಡವುವುದು ಇಲ್ಲೇ, ಸಿರೆಗೆ ಕ್ಯಾನುಲಾ ತೂರಿಸಿ ಅರ್ಧ ಗಂಟೆ ಕಾಯುತ್ತಾರೆ.

3. ಕ್ಯಾನುಲಾವನ್ನು ಮೊದಲು ತಲೆಯ ಕಡೆಗೆ ತಿರುಗಿಸಿ ದಾರದಿಂದ ಬಿಗಿಯಿರಿ. ದೊಡ್ಡಪಾಲು ಮುಗಿದ ಮೇಲೆ ಅದೇ ಕಾಲಿನ ಕೆಳಭಾಗಕ್ಕೆ ತಿರುಗಿಸಿ ಸುಮಾರು ಒಂದು ಲೀಟರ್ ಬಿಡಿ. ಇದನ್ನು ಮರೆತರೆ ಆ ಒಂದು ಕಾಲು ಮಾತ್ರ ಕೆಡುತ್ತದೆ.

4. ದ್ರಾವಣದ ತೊಟ್ಟಿಯನ್ನು ಮೇಜಿನಿಂದ ಸುಮಾರು ಎರಡು ಮೀಟರ್ ಎತ್ತರದಲ್ಲಿಟ್ಟರೆ ಭಾರದಿಂದಲೇ ದ್ರಾವಣ ಇಳಿಯುತ್ತದೆ. ಮಧ್ಯಮ ಮೈಕಟ್ಟಿನ ದೇಹಕ್ಕೆ ಎಂಟರಿಂದ ಹತ್ತು ಲೀಟರ್ ಹಿಡಿಯುತ್ತದೆ. ಪಂಪ್ ಇದ್ದರೆ ಅವಸರ ಮಾಡಬೇಡಿ. ಒತ್ತಡ ಹೆಚ್ಚಾದರೆ ಸಣ್ಣ ನಾಳಗಳು ಒಡೆದು ಮುಖ ಊದಿಕೊಳ್ಳುತ್ತದೆ, ಮೂಗಿನಿಂದ ನೊರೆ ಬರುತ್ತದೆ, ಕಾಲಿನ ಬೆರಳಿಗೆ ಮಾತ್ರ ಏನೂ ತಲುಪಿರುವುದಿಲ್ಲ.

5. ಕಿವಿಯ ಹಾಲೆ, ರೆಪ್ಪೆ, ಕೈಬೆರಳು ತುಂಬಿಕೊಂಡು ಗಟ್ಟಿಯಾದವೋ ಎಂದು ಮುಟ್ಟಿ ನೋಡಿ. ಮೆತ್ತಗೇ ಉಳಿದ ಜಾಗಕ್ಕೆ, ಹೆಚ್ಚಾಗಿ ಪೃಷ್ಠ ಮತ್ತು ಮೀನಖಂಡಕ್ಕೆ, ಉದ್ದ ಸೂಜಿಯ ಸಿರಿಂಜಿನಲ್ಲಿ ಅಲ್ಲಲ್ಲೇ ಚುಚ್ಚಿ ತುಂಬಿ.

ಆಮೇಲೆ ದೇಹವನ್ನು ಶೇಖರಿಸುವ ದೊಡ್ಡ ತೊಟ್ಟಿಯಲ್ಲಿಟ್ಟು ಕನಿಷ್ಠ ಮೂರು ತಿಂಗಳು ಬಿಡುವುದು ಒಳ್ಳೆಯದು.

ಮೇಜಿನ ಮೇಲೆ ಬಂದ ದೇಹಕ್ಕೆ ಕೊಡಗಿನಲ್ಲಿ ಎರಡು ಕಾಲದ ಎರಡು ಕಾಟ. ಫೆಬ್ರವರಿಯ ಒಣ ಹವೆಯಲ್ಲಿ ಮುಖ, ಅಂಗೈ, ಪಾದ ಮೊದಲು ಒಣಗಿ ತೊಗಲಿನಂತಾಗುತ್ತವೆ. ಅವನ್ನು ಗ್ಲಿಸರಿನ್ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಸುತ್ತಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟಿನ ಕಾಟ. ಬೂದು–ಹಸಿರು ಚುಕ್ಕೆ ಮೊದಲು ಕಾಣುವುದು ಬಟ್ಟೆಯ ಮಡಿಕೆ ಮೈಗೆ ತಾಗುವಲ್ಲಿ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ. ಬಟ್ಟೆಯನ್ನು ಬದಲಿಸಿ, ಚುಕ್ಕೆ ಬಂದಲ್ಲಿ ಒರೆಸಿ, ನೂರಕ್ಕೆ ಎರಡರಷ್ಟು ಫೀನಾಕ್ಸಿಎಥನಾಲ್ ದ್ರಾವಣ ಸಿಂಪಡಿಸಿ. ಹೊದಿಸಿದ ಪ್ಲಾಸ್ಟಿಕ್ಕನ್ನು ವಾರಕ್ಕೊಮ್ಮೆ ಬಿಚ್ಚಿ ಟಾರ್ಚ್ ಹಿಡಿದು ನೋಡುವುದು ಪಿಜಿಯ ಕೆಲಸ, ಅಟೆಂಡರ್‌ಗೆ ಬಿಡಬೇಡಿ.

ಒಂದು ಎಚ್ಚರಿಕೆ. ಮಳೆ, ಥಂಡಿ ಎಂದು ಹಾಲಿನ ಕಿಟಕಿಗಳನ್ನೆಲ್ಲ ಮುಚ್ಚಿ ಪಾಠ ಮಾಡುವ ರೂಢಿ ಇದೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ, ಮತ್ತು ನೀವು ಅದನ್ನು ಮೂವತ್ತು ವರ್ಷ ಉಸಿರಾಡಲಿದ್ದೀರಿ. ಎಕ್ಸಾಸ್ಟ್ ಫ್ಯಾನನ್ನು ಸೂರಿನ ಬಳಿ ಹಾಕಿದರೆ ಹಬೆ ನಿಮ್ಮ ಮುಖವನ್ನು ದಾಟಿಯೇ ಮೇಲೆ ಹೋಗಬೇಕು. ಮೇಜಿನ ಮಟ್ಟಕ್ಕಿಂತ ಕೆಳಗೆ ಹಾಕಿಸಿ. ಎನ್95 ಮಾಸ್ಕ್ ದೂಳು ತಡೆಯುತ್ತದೆಯೇ ಹೊರತು ಈ ಹಬೆಯನ್ನಲ್ಲ. ಎಂಬಾಮಿಂಗ್ ದಿನ ಫಾರ್ಮಾಲ್ಡಿಹೈಡ್ ಕಾರ್ಟ್ರಿಜ್ ಇರುವ ಮಾಸ್ಕ್, ನೈಟ್ರೈಲ್ ಗ್ಲೌಸ್, ಕನ್ನಡಕ ಬೇಕೇ ಬೇಕು.

ಹಂತ 4: ಹಿಸ್ಟಾಲಜಿ (ಅಂಗಾಂಶಗಳ ಅಧ್ಯಯನ) ಮತ್ತು ಎಂಬ್ರಿಯಾಲಜಿ (ಭ್ರೂಣದ ಅಧ್ಯಯನ)

ತಯಾರಾದ ಸ್ಲೈಡ್ ಪೆಟ್ಟಿಗೆ ನೋಡಿ ಗುರುತಿಸುವುದು ಎಂಬಿಬಿಎಸ್ ಮಟ್ಟದ ಕೆಲಸ. ನೀವು ಅಂಗಾಂಶದ ತುಂಡನ್ನು ಮೇಣದಲ್ಲಿ ಕೂರಿಸಿದ ಬ್ಲಾಕಿನಿಂದ ಹಿಡಿದು ಡಿಪಿಎಕ್ಸ್ ಎಂಬ ಅಂಟು ಹಾಕಿ ಮುಚ್ಚುವವರೆಗೆ ಸ್ವತಃ ಮಾಡಿದ ಸ್ಲೈಡ್‌ಗಳ ಒಂದು ಪೆಟ್ಟಿಗೆ ನಿಮ್ಮ ಹೆಸರಿನಲ್ಲಿರಬೇಕು.

ತುಂಡು ಐದು ಮಿಲಿಮೀಟರ್‌ಗಿಂತ ದಪ್ಪವಿರಬಾರದು. ಅದರ ಹತ್ತರಿಂದ ಇಪ್ಪತ್ತು ಪಟ್ಟು ಫಾರ್ಮಲಿನ್‌ನಲ್ಲಿ ಒಂದು ದಿನ, ಆಮೇಲೆ ಶೇಕಡಾ 70, 90, 95 ಎಂದು ಏರುವ ಆಲ್ಕೊಹಾಲ್, ಎರಡು ಸಲ ನೀರೇ ಇಲ್ಲದ ಆಬ್ಸೊಲ್ಯೂಟ್ ಆಲ್ಕೊಹಾಲ್, ಎರಡು ಸಲ ಝೈಲೀನ್, 58ರಿಂದ 60 ಡಿಗ್ರಿಯ ಮೇಣದಲ್ಲಿ ಮೂರು ಸಲ. ಐದು ಮೈಕ್ರಾನ್‌ಗೆ ಕತ್ತರಿಸಿ, ಮೇಣ ಕರಗುವುದಕ್ಕಿಂತ ಹತ್ತು ಡಿಗ್ರಿ ಕಡಿಮೆ ಇರುವ ಬಿಸಿನೀರಿನ ಮೇಲೆ ತೇಲಿಸಿ.

ಮಳೆಗಾಲದಲ್ಲಿ ಝೈಲೀನ್‌ಗೆ ಇಳಿಸಿದ ತುಂಡಿನ ಸುತ್ತ ಮಜ್ಜಿಗೆಯಂಥ ಬಿಳಿ ಮಂಜು ಎದ್ದರೆ ತುಂಡಿನಲ್ಲಿ ನೀರು ಉಳಿದಿದೆ ಎಂದರ್ಥ. ತಪ್ಪು ಹಿಂದಿನ ಜಾಡಿಯದು. ಆಬ್ಸೊಲ್ಯೂಟ್ ಆಲ್ಕೊಹಾಲ್ ಗಾಳಿಯ ತೇವವನ್ನು ಹೀರಿ ತನ್ನ ಹೆಸರಿಗೆ ತಕ್ಕಂತೆ ಉಳಿದಿಲ್ಲ. ತುಂಡನ್ನು ಹೊಸ ಆಲ್ಕೊಹಾಲ್‌ಗೆ ವಾಪಸ್ ಹಾಕಿ, ಜಾಡಿಯ ಮುಚ್ಚಳ ಬಿಗಿ ಮಾಡಿ, ಮಳೆಗಾಲದಲ್ಲಿ ಕೊನೆಯ ಜಾಡಿಯನ್ನು ಪದೇ ಪದೇ ಬದಲಿಸಿ. ಮುಂದುವರಿಸಿದರೆ ಮೇಣ ಒಳಗೆ ಇಳಿಯದೆ ಕತ್ತರಿಸುವಾಗ ನಡುವಿನ ತುಂಡು ಉದುರಿ ಬ್ಲಾಕಿನಲ್ಲಿ ತೂತು ಉಳಿಯುತ್ತದೆ. ಚಳಿಗಾಲದಲ್ಲಿ ಬೇರೆ ತೊಂದರೆ: ಬೆಳಗ್ಗೆ ತಣ್ಣನೆಯ ಕೋಣೆಯಲ್ಲಿ ಮೇಣ ಗಡುಸಾಗಿ ಪಟ್ಟಿ ಸುರುಳಿ ಸುತ್ತುತ್ತದೆ. ಬ್ಲಾಕಿನ ಮೇಲೆ ಬಾಯಿಂದ ಬೆಚ್ಚಗೆ ಉಸಿರು ಬಿಟ್ಟು ಕತ್ತರಿಸಿ, ಅಥವಾ ಬಿಸಿಲೇರಿದ ಮೇಲೆ ಮಾಡಿ.

ಸ್ಲೈಡ್‌ಗೆ ಹಿಮಟಾಕ್ಸಿಲಿನ್ ಬಣ್ಣ ಹಾಕಿ ನಲ್ಲಿ ನೀರಿನಲ್ಲಿ ಹತ್ತು ನಿಮಿಷ ಬಿಟ್ಟರೂ ನ್ಯೂಕ್ಲಿಯಸ್ ನೀಲಿಯಾಗದೆ ಕೆಂಪು–ನೇರಳೆಯಾಗಿಯೇ ಉಳಿದರೆ ನೀರನ್ನು ಅನುಮಾನಿಸಿ. ನೀಲಿಯಾಗಲು ನೀರು ಸ್ವಲ್ಪ ಕ್ಷಾರವಾಗಿರಬೇಕು. ಬೆಟ್ಟದ ಮೆದುನೀರು ಆಮ್ಲದ ಕಡೆ ವಾಲಿದ್ದರೆ ಕೆಲಸ ಆಗುವುದಿಲ್ಲ. ಒಂದು ಲೀಟರ್ ನೀರಿಗೆ 3.5 ಗ್ರಾಂ ಅಡಿಗೆ ಸೋಡಾ, 20 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಕರಗಿಸಿ ಅದರಲ್ಲಿ ಒಂದೆರಡು ನಿಮಿಷ ಅದ್ದಿದರೆ ಕಣ್ಣೆದುರೇ ನೀಲಿ ಏರುತ್ತದೆ.

ಎಂಬ್ರಿಯಾಲಜಿಗೆ ಕೋಳಿ ಭ್ರೂಣದ 24, 33, 48, 72 ಗಂಟೆಗಳ ಸರಣಿ ಮಾಡಿ. ಅಂಗಡಿಯ ಫಾರಂ ಮೊಟ್ಟೆ ಎಷ್ಟು ಬೆಚ್ಚಗಿಟ್ಟರೂ ಭ್ರೂಣ ಬರುವುದಿಲ್ಲ, ಅಲ್ಲಿ ಹುಂಜವೇ ಇರುವುದಿಲ್ಲ. ಲೈನ್ ಮನೆಗಳ ಹತ್ತಿರ, ತೋಟದ ಮನೆಗಳಲ್ಲಿ ಸಿಗುವ ನಾಟಿ ಕೋಳಿ ಮೊಟ್ಟೆ ತನ್ನಿ. ಇನ್‌ಕ್ಯುಬೇಟರ್ 37.5ರಿಂದ 38 ಡಿಗ್ರಿಯಲ್ಲಿರಲಿ, ಯುಪಿಎಸ್‌ಗೆ ಜೋಡಿಸಿರಿ. ಜುಲೈಯಲ್ಲಿ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಹೋದರೆ ನಿಮ್ಮ 48 ಗಂಟೆಯ ಭ್ರೂಣ 33ರಂತೆ ಕಾಣುತ್ತದೆ ಅಥವಾ ಸತ್ತಿರುತ್ತದೆ.

ಮಿದುಳಿನ ಬಗ್ಗೆ ಒಂದೇ ಮಾತು. ತೆಗೆದ ಮಿದುಳನ್ನು ಬಕೆಟ್ಟಿನ ತಳಕ್ಕೆ ಬಿಡಬೇಡಿ, ಚಪ್ಪಟೆಯಾಗುತ್ತದೆ. ಮಿದುಳಿನ ತಳದಲ್ಲಿರುವ ಬೇಸಿಲರ್ ಅಪಧಮನಿಯ ಕೆಳಗೆ ದಾರ ತೂರಿಸಿ ಫಾರ್ಮಲಿನ್‌ನಲ್ಲಿ ತಲೆಕೆಳಗಾಗಿ ಎರಡು ಮೂರು ವಾರ ತೂಗಬಿಡಿ.

ಹಂತ 5: ಪಾಠ ಮಾಡುವುದು

ಮೊದಲ ವರ್ಷವೇ ಶುರು ಮಾಡಿ. ಐದರಿಂದ ಏಳು ನಿಮಿಷದ ಮೈಕ್ರೋಟೀಚಿಂಗ್, ಒಂದು ಸಲಕ್ಕೆ ಒಂದೇ ಕೌಶಲ: ಇವತ್ತು ಬೋರ್ಡ್ ಬರಹ, ಮುಂದಿನ ವಾರ ಪ್ರಶ್ನೆ ಕೇಳುವುದು. ಮೊಬೈಲ್‌ನಲ್ಲಿ ಚಿತ್ರೀಕರಿಸಿ ನೋಡಿ. ಪ್ರಶ್ನೆ ಕೇಳಿ ಎರಡನೇ ಸೆಕೆಂಡಿಗೇ ನೀವೇ ಉತ್ತರ ಹೇಳಿಬಿಡುತ್ತಿರುವುದು ಅದರಲ್ಲಿ ಕಾಣುತ್ತದೆ. ಐದು ಸೆಕೆಂಡ್ ಬಾಯಿ ಮುಚ್ಚಿ ಕಾಯುವುದು ಕಷ್ಟ, ಆದರೆ ಹಿಂದಿನ ಬೆಂಚಿನ ಹುಡುಗಿ ಮಾತಾಡುವುದು ಆ ಐದನೇ ಸೆಕೆಂಡಿನಲ್ಲೇ.

ಡಿಸೆಕ್ಷನ್ ಮೇಜಿನ ಪಾಠಕ್ಕೆ ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ಕತ್ತಿನಿಂದ ತೋಳಿಗೆ ಹೋಗುವ ನರಗಳ ಜಾಲ, ನೋಡೋಣ. ಬೋರ್ಡಿನಲ್ಲಿ ಸಿ5ರಿಂದ (ಕತ್ತಿನ ಐದನೇ ನರ) ಟಿ1ವರೆಗಿನ (ಎದೆಯ ಮೊದಲ ನರ) ಐದು ಬೇರು, ಮೂರು ಟ್ರಂಕ್, ಆರು ಡಿವಿಷನ್, ಮೂರು ಕಾರ್ಡ್ ಎಂದು ಬರೆದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಮೇಜಿಗೆ ಬಂದರೆ ಕಂಕುಳಲ್ಲಿ ಅವರಿಗೆ ಕಾಣುವುದು ಬಿಳಿ ದಾರಗಳ ಗೋಜಲು. ಆದ್ದರಿಂದ ಕ್ರಮ ತಿರುಗಿಸಿ, ಕೊನೆಯಿಂದ ಹಿಂದಕ್ಕೆ ಹೋಗಿ. ತೋಳನ್ನು ಹೊರಕ್ಕೆ ಚಾಚಿ, ಕೊಬ್ಬು ತೆಗೆದು, ಕಂಕುಳಿನ ಆಕ್ಸಿಲರಿ ಅಪಧಮನಿಯ ಮೂರನೇ ಭಾಗದ ಮುಂದೆ ನರಗಳು ಇಂಗ್ಲಿಷಿನ ‘ಎಂ’ ಅಕ್ಷರದ ಆಕಾರದಲ್ಲಿ ಕೂಡಿರುವುದನ್ನು ಹುಡುಕಲು ಹೇಳಿ. ಹೊರಗಿನ ಕಾಲು ಮಸ್ಕ್ಯುಲೊಕ್ಯುಟೇನಿಯಸ್, ಒಳಗಿನ ಕಾಲು ಅಲ್ನಾರ್, ನಡುವಿನದು ಮೀಡಿಯನ್. ಹೊರಗಿನದು ಕೊರಾಕೊಬ್ರೇಕಿಯಾಲಿಸ್ ಸ್ನಾಯುವನ್ನು ತೂರಿ ಹೋಗುವುದು ಕಂಡರೆ ಗುರುತು ಖಚಿತ. ಅಲ್ಲಿಂದ ಹಿಂದಕ್ಕೆ ನಡೆದರೆ ಕಾರ್ಡ್‌ಗಳು ತಾವಾಗಿ ಸಿಗುತ್ತವೆ. ಹೊರಗಿನ ಕಾಲು ಸಿಗದಿದ್ದರೆ ಕತ್ತರಿಸಿದಿರಿ ಎಂದು ಬೈಯಬೇಡಿ, ಕೆಲವರಲ್ಲಿ ಆ ನರವೇ ಇರುವುದಿಲ್ಲ, ಮೀಡಿಯನ್ ಅದರ ಕೆಲಸ ಮಾಡುತ್ತಿರುತ್ತದೆ. ಫೋಟೊ ತೆಗೆದು ದಾಖಲಿಸಿ, ಒಳ್ಳೆಯ ಕೇಸ್ ರಿಪೋರ್ಟ್ ಆದೀತು.

ಕ್ಲಿನಿಕಲ್ ಸಂಬಂಧ ಹೇಳಲು ಕರಿಮೆಣಸಿನ ಏಣಿಯೇ ಸಾಕು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಒಬ್ಬ ಭುಜ ಕೆಳಗಾಗಿ ನೆಲಕ್ಕೆ ಬಿದ್ದ ಎನ್ನಿ. ತಲೆ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ಎಳೆದು ಮೇಲಿನ ಟ್ರಂಕ್, ಅಂದರೆ ಸಿ5, ಸಿ6 ಹರಿಯುತ್ತದೆ. ತೋಳು ಮೈಗಂಟಿ ಒಳಕ್ಕೆ ತಿರುಗಿ, ಅಂಗೈ ಹಿಂದಕ್ಕೆ ನೋಡುತ್ತದೆ. ಅದೇ ಏಣಿಯಿಂದ ಬೀಳುವಾಗ ಇನ್ನೊಬ್ಬ ಕೊಂಬೆ ಹಿಡಿದು ಜೋತುಬಿದ್ದ. ಈಗ ತೋಳಿನ ಎಳೆತ ಮೇಲಕ್ಕೆ, ಕೆಳಗಿನ ಬೇರುಗಳಾದ ಸಿ8 ಮತ್ತು ಟಿ1ಗೆ ಪೆಟ್ಟು, ಅಂಗೈಯ ಸಣ್ಣ ಸ್ನಾಯುಗಳು ಸೋತು ಬೆರಳುಗಳು ಪಂಜದಂತಾಗುತ್ತವೆ. ಯಾವ ಬೀಳುವಿಕೆ ಯಾವ ಬೇರು ಎಂದು ಮಕ್ಕಳೇ ಹೇಳಲಿ. ಇಲ್ಲಿನ ತೋಟ ನೋಡಿದ ಮಗು ಇದನ್ನು ಪರೀಕ್ಷೆ ಮುಗಿದರೂ ಮರೆಯುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರು ತರಗತಿಯಲ್ಲಿ ಸುಮ್ಮನಿದ್ದರೆ ಅವರಿಗೆ ಅರ್ಥವಾಗುತ್ತಿಲ್ಲ ಎಂದಲ್ಲ, ಹೆಸರುಗಳು ಕಿವಿಗೆ ಕೂತಿಲ್ಲ. ಮೊದಲ ತಿಂಗಳು ಜಾಗ ಕನ್ನಡದಲ್ಲಿ, ಹೆಸರು ಲ್ಯಾಟಿನ್‌ನಲ್ಲಿ ಹೇಳಿ: ಕಂಕುಳು, ಆಕ್ಸಿಲಾ. ಸಾರ್ಟೋರಿಯಸ್ ಎಂಬುದರ ಮೂಲ ದರ್ಜಿ ಎಂಬ ಪದ, ಚಕ್ಕಳಮಕ್ಕಳ ಹಾಕಿ ಕೂರುವ ಭಂಗಿಗೆ ಕಾಲನ್ನು ತರುವ ಸ್ನಾಯು. ಉತ್ತರ ಪತ್ರಿಕೆ ಇಂಗ್ಲಿಷಿನಲ್ಲೇ ಬರೆಯಬೇಕಾದ್ದರಿಂದ ಎರಡನೇ ತಿಂಗಳಿಂದ ಅದೇ ವಾಕ್ಯವನ್ನು ಅವರ ಬಾಯಿಂದ ಇಂಗ್ಲಿಷಿನಲ್ಲಿ ಹೇಳಿಸಿ.

ಹಂತ 6: ಥೀಸಿಸ್, ಜಿಲ್ಲಾ ಆಸ್ಪತ್ರೆ, ಪರೀಕ್ಷೆ

ಥೀಸಿಸ್‌ನ ಸಿನಾಪ್ಸಿಸ್ (ಏನು, ಹೇಗೆ ಅಧ್ಯಯನ ಮಾಡುತ್ತೀರಿ ಎಂಬ ಸಾರಾಂಶ) ಮೊದಲ ಆರು ತಿಂಗಳಲ್ಲೇ ಹೋಗಬೇಕು, ನೈತಿಕ ಸಮಿತಿಯ ಒಪ್ಪಿಗೆಯೂ. ಮೂಳೆ ಅಳೆಯುವ ವಿಷಯ ಸುಲಭವೆಂದು ಎಲ್ಲರೂ ಆರಿಸುತ್ತಾರೆ. ಆರಿಸಿದರೆ ಸ್ಯಾಂಪಲ್ ಎಷ್ಟು ಬೇಕು ಎಂದು ಅಂಕಿಅಂಶ ತಜ್ಞರಿಂದ ಮೊದಲೇ ಲೆಕ್ಕ ಹಾಕಿಸಿ, ಪ್ರತಿ ಅಳತೆಯನ್ನು ಡಿಜಿಟಲ್ ವರ್ನಿಯರ್‌ನಲ್ಲಿ ಮೂರು ಸಲ ತೆಗೆದು ಸರಾಸರಿ ಹಿಡಿಯಿರಿ. ಇಲಾಖೆಯ ಹಳೆಯ ಮೂಳೆಗಳ ವಯಸ್ಸು, ಲಿಂಗ ಗೊತ್ತಿರುವುದಿಲ್ಲ. ಗೊತ್ತಿದ್ದಂತೆ ಬರೆಯಬೇಡಿ. ವೈವಾದಲ್ಲಿ ಮೊದಲ ಪ್ರಶ್ನೆಯೇ ಅದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸನ್ನು ಮೊದಲ ವರ್ಷವೇ ಮುಗಿಸಿ.

ಜಿಲ್ಲಾ ರೆಸಿಡೆನ್ಸಿಯ, ಅಂದರೆ ಪಿಜಿಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕಾದ, ಮೂರು ತಿಂಗಳನ್ನು ರಜೆಯಂತೆ ಕಳೆಯುವ ಅನಾಟಮಿ ಪಿಜಿಗಳಿದ್ದಾರೆ. ದೊಡ್ಡ ನಷ್ಟ. ಬೆಳಗ್ಗೆ ಅಲ್ಟ್ರಾಸೌಂಡ್ ಕೋಣೆ, ಮಧ್ಯಾಹ್ನ ಸರ್ಜರಿ ಥಿಯೇಟರ್, ಅವಕಾಶವಿದ್ದಾಗ ಶವಾಗಾರ. ಹೆಸರು ಅಳಿಸಿದ ಎಕ್ಸ್‌ರೇ, ಸಿಟಿಗಳನ್ನು ಅನುಮತಿ ಪಡೆದು ಸಂಗ್ರಹಿಸಿದರೆ ಮುಂದಿನ ಹತ್ತು ವರ್ಷ ಪಾಠಕ್ಕೆ ಬರುತ್ತವೆ.

ಥಿಯರಿಯಲ್ಲಿ ನೂರು ಅಂಕದ ನಾಲ್ಕು ಪತ್ರಿಕೆ. ಅದಕ್ಕೆ ಓದುತ್ತೀರಿ. ಪ್ರಾಕ್ಟಿಕಲ್‌ನಲ್ಲಿ ಸೋಲುವುದು ಅವಸರದಿಂದ: ಕೊಟ್ಟ ಹೊತ್ತಿನಲ್ಲಿ ಅರ್ಧ ಚರ್ಮ ಸುಲಿಯುವುದರಲ್ಲೇ ಹೋಗುತ್ತದೆ. ಕೇಳಿದ ರಚನೆಗೆ ಬೇಕಾದಷ್ಟೇ ಕಿಟಕಿ ತೆರೆದು, ಸುತ್ತಲಿನದು ಹರಿಯದಂತೆ ಸ್ವಚ್ಛವಾಗಿ ತೋರಿಸಿದರೆ ಪರೀಕ್ಷಕರಿಗೆ ಸಾಕು.

ಎಂಡಿ ಆದ ಮೇಲೆ ಒಂದು ವರ್ಷ ಸೀನಿಯರ್ ರೆಸಿಡೆಂಟ್, ಆಮೇಲೆ ಅಸಿಸ್ಟೆಂಟ್ ಪ್ರೊಫೆಸರ್ ಅರ್ಜಿ.

ಹಂತ 7: ದೇಹವನ್ನು ಕಳಿಸಿಕೊಡುವುದು

ವರ್ಷದ ಡಿಸೆಕ್ಷನ್ ಮುಗಿದಾಗ ಈ ಕೆಲಸ ಯಾರ ವೇಳಾಪಟ್ಟಿಯಲ್ಲೂ ಇರುವುದಿಲ್ಲ. ಪಿಜಿ ತಾನೇ ಎತ್ತಿಕೊಳ್ಳಬೇಕು. ಇದಕ್ಕೆ ಸಿದ್ಧತೆ ಮೊದಲ ದಿನದಿಂದಲೇ: ಪ್ರತಿ ಮೇಜಿನ ಕೆಳಗೆ ಆ ದೇಹದ ಟ್ಯಾಗ್ ಸಂಖ್ಯೆ ಬರೆದ ಮುಚ್ಚಳದ ಬಕೆಟ್ ಇಡಿ. ತೆಗೆದ ಚರ್ಮ, ಕೊಬ್ಬು, ಸಣ್ಣ ಚೂರು ಕೂಡ ಅದಕ್ಕೇ ಹೋಗಬೇಕು, ಸಾಮಾನ್ಯ ಕಸಕ್ಕೆ ಹೋಗಬಾರದು, ಪಕ್ಕದ ಮೇಜಿನ ಬಕೆಟ್ಟಿಗೂ ಹೋಗಬಾರದು. ಮ್ಯೂಸಿಯಂಗೆ ತೆಗೆದಿಟ್ಟ ಅಂಗಗಳನ್ನು ರಿಜಿಸ್ಟರಿನಲ್ಲಿ ಅದೇ ಸಂಖ್ಯೆಯ ಎದುರು ಬರೆಯಿರಿ. ಕೊನೆಯಲ್ಲಿ ಎಲ್ಲವನ್ನೂ ಕೂಡಿಸಿ, ಸಂಖ್ಯೆ ತಾಳೆ ನೋಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ. ದಾನದ ಫಾರ್ಮಿನಲ್ಲಿ ಮನೆಯವರು ಬೂದಿ ಅಥವಾ ಸಂಸ್ಕಾರದ ಬಗ್ಗೆ ಏನಾದರೂ ಕೇಳಿಕೊಂಡಿದ್ದರೆ ಅದನ್ನು ಓದಿ, ದಿನಾಂಕ ಗೊತ್ತಾದ ಕೂಡಲೇ ಫೋನ್ ಮಾಡಿ ತಿಳಿಸಿ. ಆ ಮೇಜಿನಲ್ಲಿ ಕಲಿತ ಮಕ್ಕಳನ್ನೂ ಕರೆಯಿರಿ.